ನೋಡದೆ ಕೊಳ್ಳುವವನು

ಹಳೇ ಸಾಮಾನಿನ ಬೀದಿಯಲ್ಲಿ ಅವನನ್ನು ಎಲ್ಲರೂ ಗೆದ್ದಲು ಎಂದೇ ಕರೆಯುತ್ತಿದ್ದರು. ಹಳೆಯ ಮರ ಎಲ್ಲಿದ್ದರೂ ಕರೆಯದೆ ಬಂದು ಸೇರಿಕೊಳ್ಳುತ್ತಾನೆ ಅಂತ. ಅವನಿಗೇನೂ ಬೇಜಾರಿರಲಿಲ್ಲ. "ಗೆದ್ದಲು ತಿಂದು ಹಾಕುತ್ತೆ, ನಾನು ಉಳಿಸಿ ಮಾರ್ತೀನಿ. ನನಗೇ ಮರ್ಯಾದೆ ಜಾಸ್ತಿ ಇರಬೇಕಲ್ಲ," ಎನ್ನುತ್ತಿದ್ದ.

ಹರೆಯದಲ್ಲಿ ಅವನು ಒಂದು ಪೀಠೋಪಕರಣದ ಕಾರ್ಖಾನೆಯಲ್ಲಿ ಪಾಲಿಶ್ ಹೊಡೆಯುತ್ತಿದ್ದ. ಮರದ ಹಳೆ ಪೆಟ್ಟಿಗೆಗಳು ಅಲ್ಲಿಗೆ ಗಾಡಿಗಟ್ಟಲೆ ಬರುತ್ತಿದ್ದವು, ಗರಗಸಕ್ಕೆ ಕೊಟ್ಟು ಹಲಗೆ ಮಾಡಲಿಕ್ಕೆ. ಕೆಲಸಗಾರರು ಮುಷ್ಕರ ಹೂಡಿದ ವರ್ಷ ಮಾಲೀಕ ಬೀಗ ಜಡಿದು ಎಲ್ಲರನ್ನೂ ಬೀದಿಗೆ ತಳ್ಳಿದ. ಉಳಿದವರು ಗೇಟಿನ ಮುಂದೆ ಗಂಟಲು ಹರಿದುಕೊಳ್ಳುತ್ತಿದ್ದರೆ ಇವನು ಹಿಂದಿನ ಗೋಡೆಯಾಚೆ ಎಸೆದಿದ್ದ ಒಂದು ಪೆಟ್ಟಿಗೆಯ ಮುಚ್ಚಳ ಎತ್ತಿ ಒಳಗೆ ಮೂಸುತ್ತ ಕೂತಿದ್ದ. ಮೊಳೆಯಿಲ್ಲದೆ ಕೂಡಿಸಿದ ಮೂಲೆಗಳು, ಕೈಬೆರಳು ಹೆಣೆದಂತೆ. ಅದನ್ನು ಹೊತ್ತುಕೊಂಡು ಮನೆಗೆ ಬಂದ. ಕಸುಬು ಶುರುವಾಗಿದ್ದು ಹಾಗೆ.

ಮೂವತ್ತು ವರ್ಷದಲ್ಲಿ ಅವನು ಕಲಿತದ್ದು ಒಂದೇ ವಿದ್ಯೆ. ಬೇಕಾದದ್ದನ್ನು ನೋಡಬಾರದು. ಯಾರದೋ ಮನೆಗೆ ಹೋದರೆ ಪೆಟ್ಟಿಗೆಗೆ ಬೆನ್ನು ಹಾಕಿ ಕೂರುತ್ತಿದ್ದ. ಕುರ್ಚಿ ಹೊಗಳುತ್ತಿದ್ದ, ಗಡಿಯಾರದ ಊರು ಕೇಳುತ್ತಿದ್ದ, ಕನ್ನಡಿಯ ಮುಂದೆ ನಿಂತು ಮೀಸೆ ತಿರುವುತ್ತಿದ್ದ. ಎದ್ದು ಹೊರಟು ಹೊಸ್ತಿಲು ದಾಟುವಾಗ, ಆಗ ನೆನಪಾದಂತೆ, "ಈ ಡಬ್ಬಾನೂ ಹಾಕ್ಕೊಂಡು ಹೋಗ್ಲಾ? ನಿಮಗೂ ಜಾಗ ಆಗುತ್ತೆ" ಎನ್ನುತ್ತಿದ್ದ. ಮನೆಯವರು ಉಪಕಾರವಾಯಿತು ಎಂದು ತಾವೇ ಒಂದು ಕೈ ಹಿಡಿದು ಇಳಿಸಿಕೊಡುತ್ತಿದ್ದರು. ಬಡವರ ಮನೆಯ ಬಟ್ಟೆಪೆಟ್ಟಿಗೆ ತಿಂಗಳೊಳಗೆ ಯಾವುದೋ ದೊಡ್ಡಮನುಷ್ಯನ ಹಜಾರದಲ್ಲಿ ಹೂದಾನಿ ಹೊತ್ತು ನಿಲ್ಲುತ್ತಿತ್ತು. ತೀರಾ ಚೆನ್ನಾಗಿರುವುದನ್ನು ಗೆದ್ದಲು ಮಾರದೆ ತನ್ನ ಬಳಿಯೇ ಇಟ್ಟುಕೊಳ್ಳುತ್ತಿದ್ದ. ಅಂಥವು ಒಂಬತ್ತಿದ್ದವು.

ಈ ವಿದ್ಯೆಯನ್ನು ಅವನು ಅಕ್ಕನ ಮುಂದೆಯೂ ಪ್ರಯೋಗಿಸಿದ. ತಾಯಿ ತೀರಿಕೊಂಡ ಮೇಲೆ ಅಕ್ಕತಮ್ಮ ಕೂತು ಅವಳ ಬಟ್ಟೆಬರೆ ವಿಂಗಡಿಸುತ್ತಿದ್ದರು. ತಾಯಿಯ ತೇಗದ ಪೆಟ್ಟಿಗೆ ಅವನ ಬೆನ್ನ ಹಿಂದೆಯೇ ಇತ್ತು. ಅವನು ಕನ್ನಡಿ ಹೊಗಳಿದ, ಸ್ಟೂಲು ಹೊಗಳಿದ, ಏಳುವಾಗ, "ಅಕ್ಕಾ, ಈ ಡಬ್ಬಾನೂ ಹಾಕ್ಕೊಂಡು ಹೋಗ್ಲಾ?" ಎಂದ. ಬೇಕೆಂದು ಮಾಡಿದ್ದಲ್ಲ, ಬಾಯಿಗೆ ಅಭ್ಯಾಸವಾಗಿತ್ತು.

ಅಕ್ಕ ಮಡಚುತ್ತಿದ್ದ ಸೀರೆ ಕೆಳಗಿಟ್ಟಳು. "ಅಮ್ಮನ ಪೆಟ್ಟಿಗೆ ಬೇಕು ಅಂತ ಬಾಯಿಬಿಟ್ಟು ಕೇಳಿದ್ರೆ ಕೊಡ್ತಿದ್ದೆ ಕಣೋ. ಕಂಡೋರ ಮನೇಲಿ ಆಡೋ ನಾಟಕ ನನ್ನ ಹತ್ರಾನೂ ಆಡ್ತೀಯಾ? ನಡಿ ಆಚೆ."

ಅಲ್ಲಿಂದ ಹನ್ನೊಂದು ವರ್ಷ ಮಾತಿಲ್ಲ ಕತೆಯಿಲ್ಲ.

ಒಂದು ದಿನ ಅಕ್ಕನ ಮಗಳು ಫೋನ್ ಮಾಡಿದಳು. ಅಮ್ಮನ ಹೊಟ್ಟೆಯಲ್ಲಿ ಗಡ್ಡೆ, ಆಸ್ಪತ್ರೆಯವರು ಕೈಚೆಲ್ಲಿ ಮನೆಗೆ ಕಳಿಸಿದ್ದಾರೆ. ಗೆದ್ದಲು ಅಂಗಡಿ ಮುಚ್ಚಿ ಓಡಿದ.

ಎರಡನೇ ಮಹಡಿ, ಬೀದಿಗೆ ತೆರೆದ ಒಂದು ಕಿಟಕಿ. ಮಂಚದ ಪಕ್ಕದಲ್ಲೇ ತಾಯಿಯ ಪೆಟ್ಟಿಗೆ. ಅದರ ಮೇಲೆ ಮಾತ್ರೆ, ಫ್ಲಾಸ್ಕು, ಚಮಚ. ಮಂಚದಲ್ಲಿ ಅಕ್ಕ ಹಿಡಿಯಷ್ಟಾಗಿದ್ದಳು. ಆ ಮುಖ ನೋಡಲು ಅವನಿಂದ ಆಗಲಿಲ್ಲ. ಫ್ಯಾನು ನೋಡಿದ, ಕಿಟಕಿ ನೋಡಿದ, ಗೋಡೆಯ ಬಿರುಕು ನೋಡಿದ.

"ಶುರುವಾಯ್ತು," ಎಂದಳು ಅಕ್ಕ ಮಗಳಿಗೆ. "ನೋಡ್ತಾ ಇರು, ಹೊಸ್ತಿಲಲ್ಲಿ ನಿಂತು ಕೇಳ್ತಾನೆ."

ಮರುದಿನ ಅವನು ಗಟ್ಟಿ ಮನಸ್ಸು ಮಾಡಿ ಅವಳ ಮುಖವನ್ನೇ ನೋಡುತ್ತ ಕೂತ.

"ಇವತ್ತು ನನ್ನನ್ನೇ ನೋಡ್ತಿದಾನೆ. ಅಂದ್ರೆ ಇವನ ಕಸುಬಿನ ಪ್ರಕಾರ ನಾನು ಬೇಡದ ಸಾಮಾನು."

ಮಗಳು ಬಂದ ನಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅಡುಗೆಮನೆಗೆ ಹೋದಳು.

"ಅಕ್ಕಾ, ನನಗೆ ಆ ಪೆಟ್ಟಿಗೆ ಬೇಡ."

"ನಾಳೆ ಇನ್ನೂ ಜೋರಾಗಿ ಬೇಡ ಅಂತೀಯ. ನಿನ್ನ ಆಟ ನನಗೆ ಗೊತ್ತಿಲ್ವೇನೋ?"

ಅವನು ದಿನಾ ಬಂದ. ಗಂಜಿ ಕುಡಿಸಿದ, ಕಾಲೊತ್ತಿದ, ಮಲದ ಬಟ್ಟೆ ಒಗೆದ. ಅವಳು ಎಲ್ಲವನ್ನೂ ಮಾಡಿಸಿಕೊಂಡಳು, ಯಾವುದನ್ನೂ ನಂಬಲಿಲ್ಲ. ಸಾಯುವ ಹೆಂಗಸು, ತಮ್ಮ ತನಗಾಗಿ ಬಂದನೋ ಮರಕ್ಕಾಗಿ ಬಂದನೋ ಎಂದು ತಿಳಿದುಕೊಂಡೇ ಸಾಯಬೇಕು ಎಂದು ಹಟ ಹಿಡಿದಂತಿತ್ತು. ಅವನಿಗೂ ಆ ಒಂದನ್ನು ಅವಳಿಗೆ ಮನದಟ್ಟು ಮಾಡುವುದು ಬಿಟ್ಟರೆ ಲೋಕದಲ್ಲಿ ಬೇರೆ ಕೆಲಸ ಉಳಿದಿರಲಿಲ್ಲ.

ಆರನೇ ದಿನ ಅವಳೇ ದಾರಿ ಹುಡುಕಿದಳು.

"ಇದನ್ನ ಇವತ್ತೇ ಎತ್ಕೊಂಡು ಹೋಗು."

"ಬೇಡ ಅಂದ್ನಲ್ಲಕ್ಕಾ."

"ಪೂರ್ತಿ ಕೇಳೋ ಮಂಕೆ. ಇದು ಇಲ್ಲಿರೋ ತನಕ ನೀನು ಯಾತಕ್ಕೆ ಬರ್ತೀಯ ಅಂತ ನನಗೂ ಗೊತ್ತಾಗಲ್ಲ, ನಿನಗೂ ಗೊತ್ತಾಗಲ್ಲ. ಇದು ಹೋದ್ಮೇಲೂ ಬಂದೆ ಅನ್ನು, ನನ್ನ ನೋಡೋಕೇ ಬಂದೆ ಅಂತ ಒಪ್ಕೋತೀನಿ."

ಜನ್ಮದಲ್ಲಿ ಯಾವ ಪೆಟ್ಟಿಗೆಯನ್ನೂ ಅವನು ಅಷ್ಟು ಖುಷಿಯಿಂದ ಹೊತ್ತಿರಲಿಲ್ಲ. ಮಾತ್ರೆಗಳನ್ನು ಸ್ಟೂಲಿನ ಮೇಲೆ ಜೋಡಿಸಿಟ್ಟ. ತಳ್ಳುಗಾಡಿಯವನೂ ಅವನೂ ಸೇರಿ ಇಕ್ಕಟ್ಟಿನ ಮೆಟ್ಟಿಲಲ್ಲಿ ಓರೆಯಾಗಿಸಿ, ನಿಲ್ಲಿಸಿ, ಬಯ್ದುಕೊಂಡು ಕೆಳಗಿಳಿಸಿದರು. ಹಗ್ಗ ಗಿಡ್ಡವಾಯಿತು. ಜಾರದಿರಲಿ ಎಂದು ಅವನು ಮುಚ್ಚಳದ ಮೇಲೆ ಕೈಯಿಟ್ಟು ಗಾಡಿಯ ಪಕ್ಕದಲ್ಲೇ ನಡೆದ. ಅಂಗಡಿಯ ಮೂಲೆಗೆ ಸೇರಿಸಿ, ತೆರೆದು ಸಹ ನೋಡದೆ ಬಂದು ಬಾಗಿಲಲ್ಲಿ ಕೂತ. ಆಗಿನ್ನೂ ಮೂರು ಗಂಟೆ. ಈಗಲೇ ವಾಪಸು ಹೋಗಬಹುದಿತ್ತು. ಆದರೆ ಗಾಡಿಯ ಧೂಳಲ್ಲಿ ಹಾಗೇ ಹೋದರೆ ಅದು ಬಂದ ಲೆಕ್ಕಕ್ಕೆ ಸೇರುವುದಿಲ್ಲ ಅನ್ನಿಸಿತು. ನಾಳೆ ಬೆಳಿಗ್ಗೆ ಸ್ನಾನ ಮಾಡಿ, ಒಗೆದ ಅಂಗಿ ಹಾಕಿಕೊಂಡು, ಅಕ್ಕನನ್ನು ನೋಡಲೆಂದೇ ಹೊರಟವನ ಹಾಗೆ ಹೋಗಬೇಕು.

ಹಾಗೆಯೇ ಹೋದ. ಬಾಗಿಲು ತೆಗೆದ ಅಕ್ಕನ ಮಗಳ ಕಣ್ಣು ಊದಿತ್ತು. "ನಿನ್ನೆ ಸಾಯಂಕಾಲದಿಂದ ಎಚ್ಚರಿಲ್ಲ ಮಾವ."

ಮಂಚದ ಹತ್ತಿರ ಬಗ್ಗಿ, "ಅಕ್ಕಾ, ಬಂದಿದೀನಿ," ಎಂದ. ಉಸಿರಾಟದ ಗೊರಗೊರ ಬಿಟ್ಟರೆ ಏನೂ ಇಲ್ಲ.

"ನಾನು ಹೋದ್ಮೇಲೆ ಏನಾದ್ರೂ ಅಂದ್ಲಾ?"

"ತಿರುಗಿ ನೋಡಿದ್ನಾ ಅಂತ ಕೇಳಿದ್ಲು. ಕಿಟಕೀಲಿ ನಿಂತಿದ್ದೆ ನಾನು."

"ನೀನೇನಂದೆ?"

"ಇಲ್ಲ ಅಂದೆ. ಪೆಟ್ಟಿಗೆ ಮೇಲೆ ಕೈ ಇಟ್ಕೊಂಡು ಹೋಗ್ತಿದಾರೆ ಅಂದೆ. ಕಂಡಿದ್ದನ್ನೇ ಹೇಳಿದೆ ಮಾವ."

"ಹಗ್ಗ ಸಾಲಲಿಲ್ಲ," ಎಂದ ಗೆದ್ದಲು. ಅಕ್ಕನ ಹೊದಿಕೆ ಸರಿಮಾಡುತ್ತ ಮತ್ತೆ, "ಹಗ್ಗ ಸಾಲಲಿಲ್ಲಮ್ಮ."

ಮೂರು ದಿನ ಅವಳ ಕಿವಿಯಲ್ಲಿ ಅದನ್ನೇ ಹೇಳಿದ. ಬಂದಿದೀನಿ ಅಂದ, ಹಗ್ಗದ ವಿಷಯ ಅಂದ. ತಲುಪಿತೋ ಇಲ್ಲವೋ ದೇವರಿಗೂ ಗೊತ್ತಿರಲಿಕ್ಕಿಲ್ಲ. ಮೂರನೇ ದಿನ ಮಧ್ಯಾಹ್ನ ಗೊರಗೊರ ನಿಂತಿತು.

ಎಲ್ಲ ಮುಗಿದ ಮರುದಿನ, ದಿನಾ ಬರುತ್ತಿದ್ದ ಹೊತ್ತಿಗೇ, ಅವನು ಮತ್ತೆ ಮೆಟ್ಟಿಲು ಹತ್ತಿದ. ಅಕ್ಕನ ಮಗಳು ಬಾಗಿಲು ಅರ್ಧ ತೆಗೆದಳು.

"ಏನಾದ್ರೂ ಬಿಟ್ಟು ಹೋಗಿದ್ರಾ ಮಾವ?"

"ಇಲ್ಲಮ್ಮ. ಸುಮ್ನೆ ಬಂದೆ."

ಅವಳು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಬಿಡುವಾಗ ಅವಳ ಕಣ್ಣು ಒಮ್ಮೆ ಕೋಣೆಯ ಸುತ್ತ ಆಡಿತು. ಮಂಚದ ಮೇಲೆ, ಸ್ಟೂಲಿನ ಮೇಲೆ, ಕನ್ನಡಿಯ ಕಟ್ಟಿನ ಮೇಲೆ. ಮನೆಯಲ್ಲಿ ಇನ್ನೂ ಯಾವ ಮರ ಉಳಿದಿದೆ ಎಂದು.