ಮೆಂಬರ ಬಾಗಿಲಲ್ಲಿ ಖಾಲಿ ಕೊಡ

ಮುನಿಸಿಪಾಲಿಟಿ ಮೆಂಬರು ಹರಿಹರದ ಸಭೆಗೆಂದು ಹೊಸ್ತಿಲು ದಾಟಿದವರೇ, ಖಾಲಿ ಕೊಡ ಹಿಡಿದು ಸಾಲಾಗಿ ನಿಂತಿದ್ದ ನಮ್ಮನ್ನು ಕಂಡು ಹಿಂದೆ ಸರಿದರು. ಹೊರಡುವಾಗ ಖಾಲಿ ಕೊಡ ಎದುರಾಗುವುದಕ್ಕಿಂತ ಕೆಟ್ಟ ಶಕುನ ಉಂಟೇ? ದಾವಣಗೆರೆಯ ನಮ್ಮ ಓಣಿಗೆ ನಳ ತಂದವರು ಅವರೇ. ಅದಕ್ಕೇ ಎಲ್ಲರೂ ಓಟು ಹಾಕಿ ಗೆಲ್ಲಿಸಿದ್ದೆವು. ಯಾರೋ ಎದುರು ಮಾತಾಡಿದರೆಂದು ಈಗ ಅದೇ ನಳಕ್ಕೆ ಬೀಗ ಹಾಕಿಸಿದ್ದರು.

"ದಾರಿ ಬಿಡ್ರಿ! ಜನಾನೇ ನನ್ನ ಆರಿಸ್ಯಾರೆ, ನಾ ಹೇಳಿದ್ದೇ ಕಾನೂನು" ಎಂದು ಗದರಿದರು.

ನಮ್ಮತ್ತೆ ಸೆರಗು ಸಿಕ್ಕಿಸಿಕೊಂಡು, "ಆ ಜನ ನಾವೇ ಅಲ್ಲೇನೋ ತಮ್ಮಾ? ಓಟು ಕೊಟ್ಟೀವಿ, ಕೊರಳು ಕೊಟ್ಟಿಲ್ಲ. ತುಂಬಿದ ಕೊಡ ಎದುರು ಬರ್ಲಿ ಅಂದ್ರೆ ನೀರು ಬಿಡ್ಸು" ಎಂದರು.

ಮೆಂಬರು ಒಳಹೋಗಿ ಮತ್ತೆ ಬಂದರು, ನಾವು ಕದಲಲಿಲ್ಲ. ಕೊನೆಗೆ ಬೀಗದ ಕೈ ಕೊಟ್ಟು ಆಳನ್ನು ಓಡಿಸಿದರು. ತುಂಬಿದ ಕೊಡ ಹೊತ್ತು ನಾವೇ ಎದುರು ಬಂದು, ನಗುನಗುತ್ತಾ ಅವರನ್ನು ಹರಿಹರಕ್ಕೆ ಕಳಿಸಿಕೊಟ್ಟೆವು.

ಆ ನೀರಿನ ಮೊದಲ ತಂಬಿಗೆಯನ್ನು ಮನೆದೇವರು ಉಕ್ಕಡಗಾತ್ರಿ ಅಜ್ಜಯ್ಯನ ಪೂಜೆಗಿಟ್ಟು ಕೈಮುಗಿದೆ. ಜನರೇ ಆರಿಸಿದವನು ದಬ್ಬಾಳಿಕೆ ಮಾಡುತ್ತಾನೆಯೇ ಎಂದು ಯಾರಾದರೂ ಕೇಳಿದರೆ ನನಗೆ ಬೀಗ ಬಿದ್ದ ಆ ನಳ ನೆನಪಾಗುತ್ತದೆ. ಅದರ ಹಿಂದೆಯೇ ನಮ್ಮತ್ತೆಯ ಖಾಲಿ ಕೊಡವೂ.