ಎನಕ್ಕಿ

ನಮ್ಮ ಆಯಿಯ ಕಾಯಿದೆಗಳಿಗೆ ಕೋರ್ಟು ಕಚೇರಿ ಏನೂ ಬೇಕಿರಲಿಲ್ಲ. ಅವಳ ಹುಬ್ಬು ಮೇಲೇರಿದರೆ ಸಾಕಿತ್ತು. ಆಯಿ ಎಂದರೆ ಅಪ್ಪನ ತಾಯಿ. ಅವಳಿಗೆ ಅವಳ ಅತ್ತೆ, ಆ ಅತ್ತೆಗೆ ಅವಳ ಅತ್ತೆ ಒಪ್ಪಿಸಿಹೋದ ಕಾಯಿದೆಗಳಲ್ಲಿ ಒಂದು, ಗಂಡ ಸತ್ತವರು ಬಿತ್ತುವ ಬೀಜ ಮುಟ್ಟಬಾರದು ಎಂಬುದು. ಕೂರಿಗೆಯ ಹಿಂದೆ ನಡೆದು ಬೀಜ ಬಿಡುವ ಹೆಂಗಸು ಜೋಳವನ್ನು ಉಡಿಯಲ್ಲಿ ಕಟ್ಟಿಕೊಳ್ಳಬೇಕು, ಉಡಿ ಮುತ್ತೈದೆಯರದು. ಆಯಿಯೂ ಗಂಡನಿಲ್ಲದವಳೇ. ಕಾಯಿದೆಯನ್ನು ತನಗೂ ಬಿಗಿಯಾಗಿಯೇ ಹಾಕಿಕೊಂಡಿದ್ದಳು ಎಂಬುದನ್ನು ಅವಳ ಪರವಾಗಿ ಹೇಳಲೇಬೇಕು.

ನಾನು ಸಣ್ಣವಳಿದ್ದಾಗಲೇ ಅಪ್ಪ ತೀರಿಹೋದ. ಶಹಾಪುರದ ಹತ್ತಿರದ ನಮ್ಮ ಹೊಲದಲ್ಲಿ ಕಳೆ, ಕೊಯ್ಲು, ರಾಶಿ ಎಲ್ಲ ಅವ್ವನದೇ. ಬಿತ್ತುವ ದಿನ ಮಾತ್ರ ಚಿಗವ್ವ, ಅಂದರೆ ಕಾಕಾನ ಹೆಂಡತಿ, ಉಡಿ ಕಟ್ಟುತ್ತಿದ್ದಳು. ಅವ್ವ ಬದುವಿನ ಮೇಲೆ ರೊಟ್ಟಿಗಂಟು ಕಾಯುತ್ತ ಕೂರುತ್ತಿದ್ದಳು. ಆ ದಿನ ಅವಳನ್ನು ಮಾತಾಡಿಸಲು ಹೋದವರನ್ನು ದೇವರೇ ಕಾಪಾಡಬೇಕು. ತನ್ನ ಹೊಲಕ್ಕೆ ತನ್ನ ಕೈಯಿಂದ ಬೆಳೆ ಇಡಬೇಕು, ಅಷ್ಟೇ ಅವಳ ಆಸೆ. ಅದನ್ನು ಬಾಯಿಬಿಟ್ಟು ಹೇಳಿದವಳಲ್ಲ.

ಆಮೇಲೆ ಕಾಲುವೆ ಬಂತು. ಊರೆಲ್ಲ ಜೋಳ ಬಿಟ್ಟು ನೆಲ್ಲಿನ ಕಡೆ ತಿರುಗಿತು, ಕಾಕಾನೂ ತಿರುಗಿದ. ಅಲ್ಲಿಯವರೆಗೆ ನಮಗೆ ಅಕ್ಕಿ ಎಂದರೆ ಹಬ್ಬಕ್ಕೆ, ಉಡಿ ತುಂಬುವುದಕ್ಕೆ ಅಂಗಡಿಯಿಂದ ತರುವ ಸಾಮಾನು. ಸಸಿ ಹಚ್ಚುವುದನ್ನು, ಅಂದರೆ ನಾಟಿಯನ್ನು, ಕಲಿಸಲು ಕಾಲುವೆಯ ದಂಡೆಯಲ್ಲಿ ತೆಲುಗು ರೈತರು ಬಂದು ನೆಲೆಸಿದ್ದ ಕ್ಯಾಂಪಿನಿಂದ ಹೆಂಗಸೊಬ್ಬಳು ಬಂದಳು.

ಆ ಮುಂಜಾನೆ ಅವ್ವ ಸೀರೆ ಎತ್ತಿ ಕಟ್ಟಿ ಕೆಸರಿಗೆ ಇಳಿಯಹೊರಟಳು. ಆಯಿಯ ಹುಬ್ಬು ಏರಿತು.

"ಎಲ್ಲಿಗಿ ಹೊಂಟಿ? ದಂಡಿಗಿ ಕೂಡು."

"ಯಾಕ್ರಿ ಅತ್ತಿ? ಉಡ್ಯಾಗ ಬೀಜ ಕಟ್ಟಬ್ಯಾಡ ಅಂದ್ರಿ, ಕಟ್ಟಲಿಲ್ಲ. ಇಲ್ಲಿ ಉಡಿ ಎಲ್ಲ್ಯದ? ಬೀಜ ಎಲ್ಲ್ಯದ? ಹುಟ್ಟಿದ ಸಸಿ ಅದಾವ, ಕೈಯಾಗ ಹಿಡಿಯೂದು, ಊರೂದು. ನೆಲ್ಲು ಹಚ್ಚಾಕ ಯಾವ ಕಾಯ್ದಿ ಅದ, ಹೇಳ್ರಿ."

ಆಯಿಯ ಅತ್ತೆಯ ಅತ್ತೆ ಕೂಡ ನೆಲ್ಲಿನ ಗದ್ದೆ ಕಂಡವಳಲ್ಲ. ಆಯಿ ಕಾಯಿದೆ ಹುಡುಕುವಷ್ಟರಲ್ಲಿ ಅವ್ವ ಮೊಣಕಾಲುದ್ದದ ಕೆಸರಿನಲ್ಲಿದ್ದಳು.

ಅಪ್ಪ ಇದ್ದಾಗ ಕೂರಿಗೆಯ ಹಿಂದೆ ನಡೆದ ರೂಢಿ. ಈಗಲೂ ಮುಂದೆ ಮುಂದೆ ಹೆಜ್ಜೆ ಇಡುತ್ತ, ಊರಿದ ಸಸಿಯನ್ನು ತಾನೇ ತುಳಿದಳು. ಕ್ಯಾಂಪಿನವಳು ಕೂಗಿದಳು, "ಎನಕ್ಕಿ! ಎನಕ್ಕಿ!"

ಅವ್ವ ನೆಟ್ಟಗೆ ನಿಂತು, ಅಷ್ಟೇ ದೊಡ್ಡ ದನಿಯಲ್ಲಿ, "ಸೋನಾ ಮಸೂರಿ ರೀ!" ಎಂದಳು.

ತೆಲುಗಿನಲ್ಲಿ ಎನಕ್ಕಿ ಎಂದರೆ ಹಿಂದಕ್ಕೆ. ಅವ್ವನ ಕಿವಿಗೆ ಅದು 'ಏನಕ್ಕಿ' ಎಂದು ಬಿದ್ದಿತ್ತು. ಗೊತ್ತಾದ ಮೇಲೆ ಎಲ್ಲರೂ ಬಿದ್ದು ಬಿದ್ದು ನಕ್ಕರು. ಆಯಿ ಕೂಡ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು, ಆದರೆ ಅವಳ ಭುಜ ಕುಣಿಯುತ್ತಿದ್ದುದು ನನಗೆ ಕಾಣುತ್ತಿತ್ತು. ಅವ್ವ ಹಿಂದಕ್ಕೆ ಸರಿಯುತ್ತ ಸಂಜೆಯವರೆಗೂ ಹಚ್ಚಿದಳು. ಅಷ್ಟು ಖುಷಿಯಾಗಿದ್ದ ಅವ್ವನನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಅಂದಿನಿಂದ ನಮ್ಮ ಮನೆಯಲ್ಲಿ ಬಾಗಿಲಿಗೆ ಅಡ್ಡ ನಿಂತವರಿಗೆಲ್ಲ "ಎನಕ್ಕಿ!" ಮುಂದೆ ಅವ್ವ ಹೆಂಗಸರ ದೊಡ್ಡ ಗುಂಪು ಕಟ್ಟಿಕೊಂಡು ಸುರಪುರದ ಕಡೆಗೂ ನಾಟಿಗೆ ಹೋಗಿಬರುತ್ತಿದ್ದಳು. ಹೊಸಬರು ಮುಂದೆ ಹೆಜ್ಜೆ ಇಟ್ಟರೆ ಈಗ ಕೂಗುತ್ತಿದ್ದವಳು ಅವಳೇ.

ನನ್ನ ಮದುವೆಯಲ್ಲಿ ಉಡಿ ತುಂಬುವ ಹೊತ್ತು ಬಂತು. ಮೊರದಲ್ಲಿದ್ದುದು ನಮ್ಮ ಗದ್ದೆಯ ಅಕ್ಕಿ. ಮುತ್ತೈದೆಯರು ನನ್ನ ಸುತ್ತ ನಿಂತರು. ಸುರಪುರದವರೆಗೆ ಹೆಂಗಸರನ್ನು ನಡೆಸಿದ ನನ್ನ ಅವ್ವ ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದಳು. ಮೂಲೆಯಲ್ಲಿ ಕೂತಿದ್ದ ಆಯಿ ಮೊರದ ಅಕ್ಕಿಯನ್ನೇ ನೋಡುತ್ತಿದ್ದಳು.

"ಈ ಅಕ್ಕಿ ಬೆಳದಾಕಿ ಎಲ್ಲ್ಯದಾಳ?"

ಅವ್ವ ಇನ್ನಷ್ಟು ಹಿಂದೆ ಸರಿದಳು.

"ಎನಕ್ಕಿ ಎಲ್ಲ ಗದ್ದ್ಯಾಗ. ಇಲ್ಲಿ ಮುಂದ ಬಾ. ಮಗಳ ಉಡಿ ತುಂಬು."

ಅವ್ವ ಬಂದಳು. ಬೊಗಸೆ ಮೀರಿ ತುಂಬಿಕೊಂಡದ್ದಕ್ಕೆ ಅರ್ಧ ಅಕ್ಕಿ ನೆಲಕ್ಕೆ ಚೆಲ್ಲಿತು. ಆಯಿ ಎದ್ದುಬಂದು, ಬಗ್ಗಿ, ಚೆಲ್ಲಿದ್ದನ್ನು ಬಳಿದು, ತನ್ನ ಕೈಯಿಂದಲೇ ನನ್ನ ಉಡಿಗೆ ಹಾಕಿದಳು.