ಗುರುಲಿಂಗಯ್ಯ ಸರ್ ಅವರ ಎಡ ಅಂಗೈ

ಶಹಾಬಾದಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಗುರುಲಿಂಗಯ್ಯ ಸರ್ ಮದುವೆಯ ಪಂಕ್ತಿಯಲ್ಲಿ ಕುಳಿತರೂ ಆಮೆಯ ಅಂಡಾಶಯದ ಮಾತನ್ನೇ ತೆಗೆಯುತ್ತಾರೆ. ಪಕ್ಕದವರು ಹೋಳಿಗೆ ಬಿಟ್ಟು ಏಳುತ್ತಾರೆ. "ಮರಿ ಆಮಿ ಮ್ಯಾಲಿಂದ ನೋಡಿದ್ರ ಗಂಡೋ ಹೆಣ್ಣೋ ದೇವ್ರಿಗೂ ತಿಳಿಯಂಗಿಲ್ರಿ, ಹೊಟ್ಟಿನೇ ತೆರೀಬೇಕು" ಎನ್ನುವುದು ಅವರ ನಿತ್ಯದ ಪಲ್ಲವಿ. ಬೇಸಿಗೆಯಲ್ಲಿ ಕಾಗಿಣಾ ಹೊಳೆಯ ದಂಡೆಯಲ್ಲಿ ಸತ್ತುಬಿದ್ದ ಮರಿಗಳನ್ನು ತಮ್ಮ ರೊಟ್ಟಿಯ ಡಬ್ಬಿಯಲ್ಲೇ ತರುತ್ತಾರೆ. ಕೊಯ್ಯುವ ಮೊದಲು ಕೊರಳಿನ ಲಿಂಗವನ್ನು ಬೆನ್ನಿಗೆ ಸರಿಸಿಕೊಳ್ಳುತ್ತಾರೆ, ಅದು ನೋಡಬಾರದೆಂದು. ಮೂತ್ರಪಿಂಡಕ್ಕೆ ಅಂಟಿದ ಅಂಡಾಶಯದ ಬಿಳಿ ಎಳೆ ಕಂಡರೆ, "ಮತ್ತ ಹೆಣ್ಣೇ ನೋಡವ್ವ ಕರುಣಾ, ಉಸುಕು ಭಾಳ ಕಾದದ" ಎಂದು ಸಹಾಯಕ್ಕೆ ನಿಂತ ವಿದ್ಯಾರ್ಥಿನಿಯ ಮುಂದೆ ನಿಟ್ಟುಸಿರಿಡುತ್ತಾರೆ. ಕಾದ ಉಸುಕಿನ ಮೊಟ್ಟೆಗಳೆಲ್ಲ ಹೆಣ್ಣಾಗಿಯೇ ಒಡೆಯುತ್ತವೆ. ಗಂಡಿಲ್ಲದಿದ್ದರೆ ಹೊಳೆಯಲ್ಲಿ ಆಮೆಯ ಸಂತತಿ ಮುಗಿದಂತೆ. ಹೋದ ವರ್ಷ ಒಮ್ಮೆ ಮಾತ್ರ ಹಳದಿ ಅಕ್ಕಿಕಾಳಿನಂಥ ವೃಷಣ ಕಂಡಿತು. "ಗಂಡು!" ಎಂದು ಸರ್ ಕೂಗಿಬಿಟ್ಟರು. ಸತ್ತಿದೆಯೆಂದು ಕೊಯ್ದ ಆ ಮರಿಯ ಗುಂಡಿಗೆ ಇನ್ನೂ ಬಡಿಯುತ್ತಿತ್ತು, ಹಿಂಗಾಲು ಕರುಣಾಳ ಬೆರಳನ್ನು ತಳ್ಳುತ್ತಿತ್ತು. ಅಂದಿನಿಂದ ಅವರು ಪ್ರತಿ ಮರಿಯನ್ನೂ ಮೊದಲು ಎಡ ಅಂಗೈಯಲ್ಲಿ, ಬೆಳಿಗ್ಗೆ ಲಿಂಗವಿಟ್ಟು ಪೂಜಿಸುವ ಅದೇ ಅಂಗೈಯಲ್ಲಿ, ಇಟ್ಟುಕೊಂಡು ಎವೆಯಿಕ್ಕದೆ ನೋಡುತ್ತಾ ಕೂರುತ್ತಾರೆ. ವಾಸನೆ ಹೊಡೆಯುವ ಮರಿಯಾದರೂ ಅಷ್ಟೇ. "ಸತ್ತದರಿ ಸರ್" ಎಂದು ಕರುಣಾ ಕತ್ತರಿ ಚಾಚುತ್ತಾಳೆ. ಅವರು ತೆಗೆದುಕೊಳ್ಳುವುದಿಲ್ಲ. "ತಡಿಯವ್ವ, ಇನ್ನೊಂಚೂರು ನೋಡಮು."